ಕೈಯೊಳಗಿನ ಯಂತ್ರಕ್ಕೆ ಒಡೆಯರಾರು?

ಮನೆಯನ್ನು ಕಟ್ಟಿಸಿದವನು ಬೀಗದ ಕೈಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುವದು ಲೋಕರೂಢಿಯು. ಹೊಲವನ್ನು ಕೊಂಡವನು ಬದುವನ್ನು ಅಳೆಯಿಸಿ ನೋಡುವನು. ಎತ್ತನ್ನು ಕೊಂಡವನು ಹಲ್ಲು ನೋಡಿ, ನಡೆ ನೋಡಿ, ಮೂಗುದಾರವನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಸಂತೆಯನ್ನು ಬಿಡುವನು. ಇಷ್ಟು ಜಾಗರೂಕರಾದ ನಾವು ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ಆಶ್ಚರ್ಯಕರವಾದ ಉದಾಸೀನವನ್ನು ತೋರಿಸುತ್ತಿರುವೆವು. ಹತ್ತು ಹದಿನೈದು ಸಾವಿರ ರೂಪಾಯಿಗಳನ್ನು ಎಣಿಸಿ ಕೊಟ್ಟು ಅದನ್ನು ಮನೆಗೆ ತರುವೆವು, ಹಗಲಿರುಳು ಮಗ್ಗುಲಲ್ಲಿಟ್ಟುಕೊಳ್ಳುವೆವು, ಆದರೆ ಅದರ ಬೀಗದ ಕೈಯು ಯಾರ ಬಳಿಯಲ್ಲಿರುವದೆಂದು ಒಮ್ಮೆಯಾದರೂ ವಿಚಾರಿಸುವದಿಲ್ಲ. ಆ ವಸ್ತುವೇ ಸ್ಮಾರ್ಟ್‌ಫೋನು. ಈ ತಿಂಗಳಿನ ಲೇಖನದಲ್ಲಿ ಅದರ ಒಡೆತನದ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು.

ಮೊದಲು ಈ ಚಿಕ್ಕ ಯಂತ್ರದಲ್ಲಿ ನಾವು ಏನೇನನ್ನು ಇಟ್ಟಿರುವೆವೆಂಬದನ್ನು ನೆನೆಸಿಕೊಳ್ಳಿರಿ. ಗಂಗಾವತಿಯ ಬತ್ತದ ವ್ಯಾಪಾರಿಯ ಧಾರಣೆ, ಉದ್ದರಿ, ಲೇವಾದೇವಿಗಳೆಲ್ಲ ಅದರಲ್ಲಿಯೇ ಇರುತ್ತವೆ. ದುಡಿಮೆಗಾಗಿ ಬೆಂಗಳೂರಿಗೋ ಗೋವೆಗೋ ಹೋದ ಮಗನ ಧ್ವನಿಯು ಕುಷ್ಟಗಿಯ ಸೀಮೆಯ ತಾಯಿಗೆ ಕೇಳಿಸುವದು ಅದರಿಂದಲೇ. ಯಲಬುರ್ಗಿಯ ಒಕ್ಕಲಿಗನಿಗೆ ಬ್ಯಾಂಕಿನ ಒಂದು ಸಾರೆಯ ಗುಪ್ತಸಂಖ್ಯೆಯು ಬರುವದು ಅದಕ್ಕೇ; ಕೊಪ್ಪಳದ ವಿದ್ಯಾರ್ಥಿನಿಯು ಪಾಠವನ್ನು ಓದುವದು ಅದರಲ್ಲಿಯೇ. ಹಿಂದಿನ ಕಾಲದಲ್ಲಿ ಮನೆಯ ಕಾಗದಪತ್ರಗಳಿಗೆ ಒಂದು ಪೆಟ್ಟಿಗೆ, ಹಣಕ್ಕೆ ಒಂದು ಸಂದೂಕು, ಪತ್ರಗಳಿಗೆ ಒಂದು ಗೂಡು, ದೇವರ ಕೋಣೆಯ ಮಾತಿಗೆ ದೇವರ ಕೋಣೆಯೇ ಇರುತ್ತಿದ್ದವು. ಈಗ ಅವೆಲ್ಲವೂ ಅಂಗೈಯಗಲದ ಒಂದು ಗಾಜಿನ ಹಲಗೆಯಲ್ಲಿ ಕೂಡಿಕೊಂಡಿವೆ. ಅಂದ ಬಳಿಕ ಅದನ್ನು ಆಳುವವರಾರೆಂದು ಕೇಳುವದು ಗೃಹಸ್ಥನ ಕರ್ತವ್ಯವೇ ಆಗಿರುವದು.

ಫೋನೆಂಬದು ಕೇವಲ ಗಾಜು, ಲೋಹ, ಬ್ಯಾಟರಿಗಳ ಸಮೂಹವಲ್ಲ. ಅದರೊಳಗೆ ಒಂದು ಮೂಲ ತಂತ್ರಾಂಶವಿರುವದು. ಯಾವ ಆ್ಯಪಿಗೆ ಕ್ಯಾಮರಾವನ್ನು ತೆರೆದು ಕೊಡಬೇಕು, ಯಾವದಕ್ಕೆ ಧ್ವನಿಯನ್ನು ಕೇಳಗೊಡಬೇಕು, ಯಾವ ಸುದ್ದಿಯನ್ನು ಹೊರಗೆ ಕಳುಹಿಸಬೇಕು ಎಂಬದನ್ನೆಲ್ಲ ನಿರ್ಣಯಿಸುವದು ಆ ತಂತ್ರಾಂಶವೇ. ಇದನ್ನು ಆಪರೇಟಿಂಗ್ ಸಿಸ್ಟಮ್ ಎಂತಲೂ, ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆಯೆಂತಲೂ ಕರೆಯುವರು. ಮನೆಗೆ ಯಜಮಾನನು ಹೇಗೋ ಫೋನಿಗೆ ಇದು ಹಾಗೆ. ನಮ್ಮ ಪ್ರಾಂತದ ಅಂಗಡಿಗಳಲ್ಲಿ ದೊರೆಯುವ ಫೋನುಗಳಲ್ಲಿ ಬಹುತೇಕವಾಗಿ ಆಂಡ್ರಾಯ್ಡ್ ಎಂಬ ವ್ಯವಸ್ಥೆಯೂ, ಹೆಚ್ಚು ಬೆಲೆಯ ಐಫೋನುಗಳಲ್ಲಿ ಆ್ಯಪಲ್ ಕಂಪನಿಯ ಐಓಎಸ್ ಎಂಬ ವ್ಯವಸ್ಥೆಯೂ ಇರುತ್ತವೆ.

ಇಲ್ಲಿ ನಮ್ಮ ಸೀಮೆಯ ಹಿರಿಯರಿಗೆ ಒಂದು ಹಳೆಯ ಸಂಗತಿಯು ನೆನಪಿಗೆ ಬರಬಹುದು. ನಿಜಾಮರ ಆಳಿಕೆಯಲ್ಲಿ ಕೊಪ್ಪಳ ಯಲಬುರ್ಗಿಗಳು ಸಾಲಾರಜಂಗ ಮನೆತನದ ಜಹಗೀರಿಗೆ ಸೇರಿದ್ದವು. ಉಳುವವನು ಇಲ್ಲಿಯವನು, ಬಿತ್ತುವವನು ಇಲ್ಲಿಯವನು, ಬೆವರು ಸುರಿಸುವವನು ಇಲ್ಲಿಯವನು. ಆದರೆ ಕಂದಾಯವು ಸಲ್ಲುತ್ತಿದ್ದುದು ದೂರದ ಹೈದರಾಬಾದಿನಲ್ಲಿದ್ದ ಜಹಗೀರದಾರನಿಗೆ. ೧೯೪೮ನೆಯ ಇಸವಿಯಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೪೯ರಲ್ಲಿ ಜಹಗೀರುಗಳು ಕಾಯದೆಯಿಂದ ರದ್ದಾದವು. ನೆಲದ ಜಹಗೀರು ಹೋಯಿತು. ಆದರೆ ಅಂಗೈಯಲ್ಲಿ ಹೊಸದೊಂದು ಜಹಗೀರು ಬಂದು ಕುಳಿತಂತಾಗಿದೆ. ಹಣವನ್ನು ಕೊಟ್ಟವರು ನಾವು, ಹಿಡಿದವರು ನಾವು. ಕಟ್ಟಳೆಗಳನ್ನು ಮಾಡುವವರೂ, ನಮ್ಮ ನಡೆನುಡಿಗಳ ಸುದ್ದಿಯನ್ನು ಕಂದಾಯದಂತೆ ಕೂಡಿಸಿಕೊಳ್ಳುವವರೂ ಸಮುದ್ರದಾಚೆಯಲ್ಲಿರುವರು.

ಇದು ಹೇಗಾಯಿತೆಂದರೆ, ೧೯೯೧ರಲ್ಲಿ ಫಿನ್‌ಲಂಡ್ ದೇಶದ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಲಿನಕ್ಸ್ ಎಂಬ ತಂತ್ರಾಂಶದ ತಿರುಳನ್ನು ಬರೆದು, ಯಾರು ಬೇಕಾದರೂ ಓದಿ ತಿದ್ದಿ ಬಳಸುವಂತೆ ಲೋಕಕ್ಕೆ ಬಿಟ್ಟುಕೊಟ್ಟನು. ಆ ತಿರುಳಿನ ಮೇಲೆಯೇ ಆಂಡ್ರಾಯ್ಡ್ ನಿರ್ಮಾಣವಾಯಿತು. ಅದನ್ನು ಕಟ್ಟುತ್ತಿದ್ದ ಚಿಕ್ಕ ಕಂಪನಿಯನ್ನು ಗೂಗಲ್ ಕಂಪನಿಯು ೨೦೦೫ರಲ್ಲಿ ಕೊಂಡಿತು. ೨೦೦೮ರಲ್ಲಿ ಮೊದಲನೆಯ ಆಂಡ್ರಾಯ್ಡ್ ಫೋನು ಮಾರಾಟಕ್ಕೆ ಬಂದಿತು. ಆಂಡ್ರಾಯ್ಡಿನ ತಳಹದಿಯು ಇಂದಿಗೂ ಬಹಿರಂಗವಾದದ್ದೇ. ಆದರೆ ಅಂಗಡಿಯಲ್ಲಿ ದೊರೆಯುವ ಫೋನಿನಲ್ಲಿ ಆ ತಳಹದಿಯ ಮೇಲೆ ಗೂಗಲ್ ಪ್ಲೇ ಸೇವೆಗಳೆಂಬ ಮುಚ್ಚಿದ ಅಂತಸ್ತೊಂದನ್ನೂ, ಫೋನು ಮಾಡಿದ ಕಂಪನಿಯ ತಂತ್ರಾಂಶಗಳ ಮತ್ತೊಂದು ಅಂತಸ್ತನ್ನೂ ಏರಿಸಿರುತ್ತಾರೆ. ಇವುಗಳಿಗೆ ಇತರ ಆ್ಯಪುಗಳಿಗಿಲ್ಲದ ವಿಶೇಷ ಅಧಿಕಾರಗಳಿರುತ್ತವೆ. ಇವುಗಳಲ್ಲಿ ಹಲವನ್ನು ತೆಗೆದುಹಾಕುವ ಹಕ್ಕು ಫೋನಿನ ಒಡೆಯನೆನ್ನಿಸಿಕೊಳ್ಳುವ ನಮಗೆ ಇರುವದಿಲ್ಲ.

ಇದು ಬರಿಯ ಸಂಶಯವಲ್ಲ. ಐರ್ಲಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಅಧ್ಯಾಪಕರಾದ ಡಗ್ಲಸ್ ಲೀತ್ ಎಂಬವರು ೨೦೨೧ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಆಂಡ್ರಾಯ್ಡಾಗಲಿ ಐಫೋನಾಗಲಿ, ಸುಮ್ಮನೆ ಮೇಜಿನ ಮೇಲೆ ಬಿದ್ದಿರುವಾಗಲೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತನ್ನ ಕಂಪನಿಗೆ ಸುದ್ದಿಯನ್ನು ಮುಟ್ಟಿಸುತ್ತಿತ್ತು. ಗೂಗಲ್ ಕಂಪನಿಯು ಆ ಪರೀಕ್ಷೆಯ ರೀತಿಯನ್ನು ಒಪ್ಪದೆ, ಫೋನು ಸರಿಯಾಗಿ ನಡೆಯಬೇಕಾದರೆ ಇಂಥ ವ್ಯವಹಾರವು ಅವಶ್ಯವೆಂದು ಉತ್ತರ ಕೊಟ್ಟಿತು. ಅದೇ ವರ್ಷ ಲೀತ್ ಅವರೂ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರೂ ಕೂಡಿ ಸ್ಯಾಮ್‌ಸಂಗ್, ಶಾವೋಮಿ, ರಿಯಲ್‌ಮಿ, ಹುವಾವೇ ಕಂಪನಿಗಳ ಆಂಡ್ರಾಯ್ಡುಗಳನ್ನು ಪರೀಕ್ಷಿಸಿದರು. ಇವು ಫೋನಿನ ಕಂಪನಿಗೂ ಇತರರಿಗೂ ಗಣನೀಯವಾದ ಸುದ್ದಿಯನ್ನು ಕಳುಹಿಸುವದು ಕಂಡುಬಂದಿತು. ಅದರೊಡನೆಯೇ ಪರೀಕ್ಷಿಸಿದ ‘ಇ ಓಎಸ್’ ಎಂಬ ಬಹಿರಂಗ ವ್ಯವಸ್ಥೆಯೊಂದು ಮಾತ್ರ ಹಾಗೆ ಮಾಡದೆ ಇದ್ದಿತು. ಇದರ ವಿಚಾರವನ್ನು ಮುಂದೆ ಹೇಳುವೆವು.

“ನಾವು ಬಡ ಗೃಹಸ್ಥರು, ನಮ್ಮಲ್ಲಿ ಮುಚ್ಚಿಡುವಂಥದೇನಿದೆ?” ಎಂದು ಕೆಲವರು ಕೇಳುವರು. ಮುಚ್ಚಿಡುವದು ಬೇರೆ, ಬಾಗಿಲು ಹಾಕಿಕೊಳ್ಳುವದು ಬೇರೆ. ನಾವು ರಾತ್ರಿ ಕದವನ್ನಿಕ್ಕಿಕೊಂಡು ಮಲಗುವದು ಒಳಗೆ ಕಳವಿನ ಮಾಲು ಇದೆಯೆಂದಲ್ಲ. ಇದು ನಮ್ಮ ಮನೆಯೆಂದು. ಮತ್ತು ತೆರೆದ ಬಾಗಿಲಿನಿಂದ ಬಡವರಿಗೇ ಹೆಚ್ಚು ಹಾನಿಯಾಗುವದು. ಸಾಲ ಕೊಡುವ ಆ್ಯಪುಗಳ ಉದಾಹರಣೆಯನ್ನೇ ತೆಗೆದುಕೊಳ್ಳಿರಿ. ಐದು ಸಾವಿರ ರೂಪಾಯಿಯ ತುರ್ತಿಗಾಗಿ ಒಬ್ಬನು ಇಂಥ ಆ್ಯಪನ್ನು ಇಳಿಸಿಕೊಳ್ಳುವನು. ಅದು ಅನುಮತಿ ಕೇಳಿದಾಗಲೆಲ್ಲ ಓದದೆ ಒಪ್ಪಿಗೆಯನ್ನೊತ್ತುವನು. ಅವನ ಫೋನಿನಲ್ಲಿದ್ದ ಬಂಧುಮಿತ್ರರ ಹೆಸರುಗಳೂ ಮನೆಯವರ ಭಾವಚಿತ್ರಗಳೂ ಸಾಲದವರ ಕೈ ಸೇರುವವು. ಕಂತು ತಪ್ಪಿದ ದಿವಸವೇ ಬೀಗರಿಗೆ, ನೆರೆಯವರಿಗೆ, ಕೆಲಸ ಕೊಟ್ಟವರಿಗೆ ಅವಮಾನಕರವಾದ ಕರೆಗಳು ಹೋಗುವವು. ಇಂಥ ಕಾಟವನ್ನು ತಾಳಲಾರದೆ ಪ್ರಾಣವನ್ನು ಕಳೆದುಕೊಂಡವರ ಸುದ್ದಿಗಳನ್ನು ೨೦೨೦ರಿಂದೀಚೆಗೆ ವೃತ್ತಪತ್ರಗಳಲ್ಲಿ ಓದಿ ಯಾರು ಮರುಗಲಿಲ್ಲ! ಈ ಹಾವಳಿಯನ್ನು ತಡೆಯುವ ಸಲುವಾಗಿಯೇ ರಿಜರ್ವ್ ಬ್ಯಾಂಕು ೨೦೨೨ನೆಯ ಇಸವಿ ಸೆಪ್ಟೆಂಬರದಲ್ಲಿ ನಿಯಮಗಳನ್ನು ಹೊರಡಿಸಿ, ಸಾಲದ ಆ್ಯಪುಗಳು ಫೋನಿನ ಹೆಸರುಗಳ ಪಟ್ಟಿ, ಕರೆಗಳ ಪಟ್ಟಿ, ಚಿತ್ರ ಕಡತಗಳನ್ನು ಮುಟ್ಟಕೂಡದೆಂದು ಆಜ್ಞಾಪಿಸಿತು. ಆದರೆ ನಿಯಮಕ್ಕೆ ಅಂಜದ ಕಳ್ಳ ಆ್ಯಪುಗಳೂ ಇರುವವಷ್ಟೆ. ಕೊನೆಗೆ ಬಾಗಿಲಿನ ಅಗಳಿಯು ನಮ್ಮ ಕೈಯಲ್ಲಿಯೇ ಇರಬೇಕು.

ಇನ್ನೊಂದು ವಿಷಯವು ವಿಚಾರಾರ್ಹವಾಗಿದೆ. ನಮ್ಮ ಫೋನಿನಲ್ಲಿರುವ ಹೆಸರುಗಳು ನಮ್ಮವಲ್ಲ. ಅವು ನಮ್ಮನ್ನು ನಂಬಿ ತಮ್ಮ ಸಂಖ್ಯೆಯನ್ನು ಕೊಟ್ಟವರ ಸ್ವತ್ತು. ಆದುದರಿಂದ “ನನ್ನದು ಹೋದರೆ ಹೋಗಲಿ” ಎನ್ನುವ ಔದಾರ್ಯವು ಇಲ್ಲಿ ಸಲ್ಲದು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ೨೦೧೭ನೆಯ ಇಸವಿ ಆಗಸ್ಟ್ ೨೪ರಂದು ಏಕಮತದಿಂದ ತೀರ್ಪಿತ್ತರು. ಆ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದವರು ಕನ್ನಡಿಗರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರದ ವಿಷಯವಾಗಿ ೨೦೧೨ರಲ್ಲಿ ಅವರು ಅರ್ಜಿಯನ್ನು ಸಲ್ಲಿಸಿದಾಗ ಅವರಿಗೆ ಎಂಬತ್ತಾರು ವರ್ಷದ ವಯಸ್ಸು. ಅಷ್ಟು ಹಿರಿಯರು ದೊರಕಿಸಿಕೊಟ್ಟ ಹಕ್ಕನ್ನು ನಾವು ಒಂದು ಗುಂಡಿಯನ್ನೊತ್ತಿ ಬಿಟ್ಟುಕೊಡುವದು ಉಚಿತವೆ?

ಈಗ ಉಪಾಯದ ಮಾತಿಗೆ ಬರೋಣ. ಆಂಡ್ರಾಯ್ಡಿನ ತಳಹದಿಯು ಬಹಿರಂಗವಾಗಿರುವದರಿಂದ, ಆ ಮುಚ್ಚಿದ ಅಂತಸ್ತುಗಳನ್ನು ಬಿಟ್ಟು, ಅದೇ ತಳಹದಿಯ ಮೇಲೆ ಬೇರೆ ವ್ಯವಸ್ಥೆಗಳನ್ನು ಕಟ್ಟಲು ಸಾಧ್ಯವಾಗಿದೆ. ಅನೇಕ ಸ್ವಯಂಸೇವಕರೂ ಸಂಸ್ಥೆಗಳೂ ಹಾಗೆ ಕಟ್ಟಿರುವರು. ಇವುಗಳ ಮುಖ್ಯ ಗುಣವೆಂದರೆ ಇವುಗಳ ಮೂಲ ಬರಹವು ಎಲ್ಲರಿಗೂ ತೆರೆದಿರುವದು. “ಅದನ್ನು ಓದಲು ನಮಗೆಲ್ಲಿ ಬರುವದು?” ಎಂದು ವಾಚಕರು ಕೇಳಬಹುದು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವವು. ಬ್ರಾಹ್ಮೀ ಲಿಪಿಯ ಆ ಬರಹವನ್ನು ಓದಬಲ್ಲವರು ನಮ್ಮೊಳಗೆ ಎಷ್ಟು ಜನರು? ಬೆರಳೆಣಿಕೆಯವರು. ಆದರೂ ಅದು ಬಯಲಿನಲ್ಲಿ ಬಂಡೆಯ ಮೇಲೆ ಇರುವದರಿಂದ, ಬಲ್ಲವರು ಬಂದು ಓದಿದರು, ಒಬ್ಬರು ಓದಿದ್ದನ್ನು ಮತ್ತೊಬ್ಬರು ತಾಳೆ ನೋಡಿದರು, ನಮಗೆಲ್ಲರಿಗೂ ಅರ್ಥವನ್ನು ತಿಳಿಸಿದರು. ಅದೇ ಬರಹವು ಯಾರದೋ ಸಂದೂಕಿನಲ್ಲಿದ್ದಿದ್ದರೆ ಅದರಲ್ಲೇನಿದೆಯೆಂದು ಸಂದೂಕಿನವನು ಹೇಳಿದ್ದೇ ವೇದವಾಕ್ಯವಾಗುತ್ತಿತ್ತು. ಬಹಿರಂಗ ತಂತ್ರಾಂಶದ ತತ್ತ್ವವು ಇಷ್ಟೇ: ಎಲ್ಲರೂ ಓದದಿದ್ದರೂ ಚಿಂತೆಯಿಲ್ಲ, ಓದಬಲ್ಲವರಿಗೆ ತಡೆ ಇರಬಾರದು.

ಇಂಥ ವ್ಯವಸ್ಥೆಗಳಲ್ಲಿ ಮುಖ್ಯವಾದ ಕೆಲವನ್ನು ಪರಿಚಯಿಸುವೆವು. ಮೊದಲನೆಯದು ಲಿನೇಜ್ ಓಎಸ್. ೨೦೦೯ರಲ್ಲಿ ಹುಟ್ಟಿದ ಸಯನೋಜನ್‌ಮಾಡ್ ಎಂಬ ವ್ಯವಸ್ಥೆಯನ್ನು ಅದರ ಕಂಪನಿಯು ೨೦೧೬ರ ಡಿಸೆಂಬರದಲ್ಲಿ ನಿಲ್ಲಿಸಿಬಿಡಲು, ಸ್ವಯಂಸೇವಕರು ಅದೇ ಬರಹವನ್ನು ಎತ್ತಿಕೊಂಡು ಈ ಹೆಸರಿನಿಂದ ಮುಂದುವರಿಸಿದರು. ಕಂಪನಿಯು ಮುಚ್ಚಿದರೂ ಕಾರ್ಯವು ನಿಲ್ಲಲಿಲ್ಲವೆಂಬದನ್ನು ಗಮನಿಸಿರಿ. ಬಹಿರಂಗ ಬರಹದ ಒಂದು ದೊಡ್ಡ ಪ್ರಯೋಜನವಿದು. ಹಲವು ಕಂಪನಿಗಳ ಹಳೆಯ ಫೋನುಗಳಿಗೆ ಇದು ದೊರೆಯುವದು. ಎರಡನೆಯದು ಮೇಲೆ ಹೇಳಿದ ಇ ಓಎಸ್. ಫ್ರಾನ್ಸ್ ದೇಶದ ಗಾಯೆಲ್ ದುವಾಲ್ ಎಂಬವರು ಇದರ ಪ್ರವರ್ತಕರು. ಗೂಗಲ್ಲಿನ ಸೇವೆಗಳ ಸ್ಥಾನದಲ್ಲಿ ಮೈಕ್ರೋಜಿ ಎಂಬ ಬಹಿರಂಗ ತಂತ್ರಾಂಶವನ್ನಿಟ್ಟು, ಸಾಮಾನ್ಯ ಜನರಿಗೂ ಅನುಕೂಲವಾಗುವಂತೆ ಇದನ್ನು ರಚಿಸಿರುವರು. ಮೂರನೆಯದು ಗ್ರಾಫೀನ್ ಓಎಸ್. ಭದ್ರತೆಯ ವಿಷಯದಲ್ಲಿ ಇದಕ್ಕೆ ಹೆಚ್ಚಿನ ಕೀರ್ತಿಯಿರುವದು. ಗೂಗಲ್ಲಿನ ಕಣ್ಣಿನಿಂದ ತಪ್ಪಿಸಿಕೊಳ್ಳಬಯಸುವವರಿಗೆ ಇದು ಗೂಗಲ್ಲಿನವರೇ ಮಾಡಿದ ಪಿಕ್ಸೆಲ್ ಫೋನುಗಳ ಸಲುವಾಗಿ ಮಾಡಲ್ಪಟ್ಟಿರುವದು ಒಂದು ವಿನೋದವೇ ಸರಿ. ಆದರೆ ಆ ಫೋನುಗಳ ಭದ್ರತಾ ರಚನೆಯು ಉತ್ತಮವಾಗಿರುವದೇ ಇದಕ್ಕೆ ಕಾರಣವು. ಇದರಲ್ಲಿ ಬೇಕಾದರೆ ಗೂಗಲ್ ಸೇವೆಗಳನ್ನೂ ಹಾಕಿಕೊಳ್ಳಬಹುದು. ಆದರೆ ಅವು ಯಜಮಾನನಂತಲ್ಲ, ಉಳಿದ ಆ್ಯಪುಗಳಂತೆ ಅನುಮತಿ ಕೇಳಿಕೊಂಡೇ ನಡೆಯಬೇಕು. ಒಂದು ಆ್ಯಪು ಹೆಸರುಗಳ ಪಟ್ಟಿಯನ್ನು ಹಟ ಹಿಡಿದು ಬೇಡಿದರೆ, ನಮಗೆ ಬೇಕಾದ ಎರಡು ಹೆಸರುಗಳನ್ನಷ್ಟೇ ಅದಕ್ಕೆ ತೋರಿಸುವ ಏರ್ಪಾಡೂ ಇದರಲ್ಲಿದೆ. ನಮ್ಮ ದೇಶದಲ್ಲಿಯೂ ಪ್ರಯತ್ನಗಳಾಗದೆ ಇಲ್ಲ. ಮದ್ರಾಸು ಐಐಟಿಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದು ೨೦೨೩ರ ಜನವರಿಯಲ್ಲಿ ಭಾರ್ ಓಎಸ್ ಎಂಬದನ್ನು ಪ್ರಕಟಿಸಿತು. ಗುಟ್ಟನ್ನು ಕಾಯಬೇಕಾದ ಸಂಸ್ಥೆಗಳ ಉಪಯೋಗಕ್ಕಾಗಿ ಅದನ್ನು ಮಾಡಿರುವೆವೆಂದು ಅವರು ಆಗ ಹೇಳಿದರು.

ಇಷ್ಟೆಲ್ಲ ಇರುವಾಗ ನಮ್ಮ ಪೇಟೆಗಳ ಅಂಗಡಿಗಳಲ್ಲಿ ಇವುಗಳ ಹೆಸರು ಏಕೆ ಕೇಳಿಬರುವದಿಲ್ಲ? ಇದರ ಒಂದು ಕಾರಣವನ್ನು ಭಾರತೀಯ ಸ್ಪರ್ಧಾ ಆಯೋಗವು ೨೦೨೨ನೆಯ ಇಸವಿ ಅಕ್ಟೋಬರ್ ೨೦ರ ಆದೇಶದಲ್ಲಿ ವಿವರಿಸಿದೆ. ಪ್ಲೇ ಸ್ಟೋರ್ ಬೇಕೆಂಬ ಫೋನು ತಯಾರಕರು ಗೂಗಲ್ಲಿನ ಇತರ ಆ್ಯಪುಗಳ ಕಂತೆಯನ್ನೂ ಕಡ್ಡಾಯವಾಗಿ ಹಾಕಬೇಕಾಗಿದ್ದಿತು. ಆಂಡ್ರಾಯ್ಡಿನ ಬೇರೆ ರೂಪಗಳುಳ್ಳ ಫೋನುಗಳನ್ನು ಮಾರದಂತೆ ಕರಾರುಗಳೂ ಇದ್ದವು. ಇದು ಪ್ರಾಬಲ್ಯದ ದುರುಪಯೋಗವೆಂದು ಆಯೋಗವು ನಿರ್ಣಯಿಸಿ ೧,೩೩೭.೭೬ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ೨೦೨೩ರ ಮಾರ್ಚದಲ್ಲಿ ಮೇಲ್ಮನವಿಯ ನ್ಯಾಯಮಂಡಳಿಯು ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿತಾದರೂ ದಂಡವನ್ನು ಎತ್ತಿಹಿಡಿಯಿತು. ಹೀಗಿರಲು ಅಂಗಡಿಯವನನ್ನು ದೂಷಿಸಿ ಫಲವಿಲ್ಲ. ತಯಾರಕನು ಕಳುಹಿಸದ ಸರಕನ್ನು ಅವನಾದರೂ ಎಲ್ಲಿಂದ ತರಬೇಕು?

ಗುಣಗಳನ್ನಷ್ಟೇ ಹೇಳಿ ದೋಷಗಳನ್ನು ಮರೆಮಾಚಿದರೆ ಹಿತಬೋಧೆಯು ಜಾಹೀರಾತಾಗುವದು. ಆದುದರಿಂದ ತೊಡಕುಗಳನ್ನೂ ಸ್ಪಷ್ಟವಾಗಿ ಹೇಳುವೆವು. ಮೊದಲನೆಯದಾಗಿ, ವ್ಯವಸ್ಥೆಯನ್ನು ಬದಲಿಸಬೇಕಾದರೆ ಫೋನಿನ ಬೂಟ್‌ಲೋಡರ್ ಎಂಬ ಮೂಲ ಬೀಗವನ್ನು ತೆಗೆಯಬೇಕು. ಕೆಲವು ಕಂಪನಿಗಳು ಇದಕ್ಕೆ ಒಪ್ಪುವದೇ ಇಲ್ಲ. ಕೆಲವು ದಿನಗಟ್ಟಲೆ ಕಾಯಿಸುತ್ತವೆ. ಬೀಗವನ್ನು ತೆಗೆದಾಗ ಫೋನಿನಲ್ಲಿದ್ದುದೆಲ್ಲ ಅಳಿಸಿಹೋಗುವದು. ಕಂಪನಿಯ ಗ್ಯಾರಂಟಿಗೂ ಬಾಧೆ ಬರಬಹುದು. ಕೆಲಸವನ್ನು ಅರ್ಧಕ್ಕೆ ಕೆಡಿಸಿದರೆ ಫೋನು ಇಟ್ಟಿಗೆಯ ತುಂಡಿನಂತೆ ನಿಷ್ಪ್ರಯೋಜಕವಾಗುವ ಸಂಭವವೂ ಉಂಟು. ಗ್ರಾಫೀನ್ ಓಎಸ್‌ನಲ್ಲಿ ಹೊಸ ವ್ಯವಸ್ಥೆಯನ್ನು ಹಾಕಿದ ಮೇಲೆ ಈ ಮೂಲ ಬೀಗವನ್ನು ಪುನಃ ಹಾಕಬಹುದು. ಆದರೆ ಅನೇಕ ಫೋನುಗಳಲ್ಲಿ ಅದು ತೆರೆದೇ ಉಳಿಯುವದು. ಇಂಥ ಫೋನು ಕಳ್ಳರ ಕೈಗೆ ಸಿಕ್ಕರೆ ಭದ್ರತೆಯು ಕಡಮೆಯೇ. ಎರಡನೆಯದಾಗಿ, ಬ್ಯಾಂಕುಗಳ ಮತ್ತು ಯುಪಿಐ ಹಣ ಸಂದಾಯದ ಹಲವು ಆ್ಯಪುಗಳು ಗೂಗಲ್ ಒಪ್ಪಿದ ವ್ಯವಸ್ಥೆಯೇ ಇದೆಯೋ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ನಡೆಯಲಾರೆವೆನ್ನುತ್ತವೆ. ಯಾವ ಆ್ಯಪು ಎಲ್ಲಿ ನಡೆದೀತೆಂದು ಮೊದಲೇ ವಿಚಾರಿಸಬೇಕು. ಮೂರನೆಯದಾಗಿ, ಹೊಸ ವ್ಯವಸ್ಥೆಯನ್ನು ಹಾಕಿ, ಅಭ್ಯಾಸದ ಬಲದಿಂದ ಗೂಗಲ್ ಸೇವೆಗಳನ್ನೆಲ್ಲ ಹಿಂದಿನ ಅಧಿಕಾರದೊಡನೆ ಪುನಃ ತುಂಬಿದರೆ ಶ್ರಮವು ವ್ಯರ್ಥವಾದಂತೆಯೇ. ಎಡಿನ್‌ಬರೋ ಡಬ್ಲಿನ್‌ಗಳ ಪರೀಕ್ಷೆಯಲ್ಲಿ ಲಿನೇಜ್ ಓಎಸ್‌ನ ಫೋನು ಗೂಗಲ್ಲಿಗೆ ಸುದ್ದಿ ಕಳುಹಿಸಿದ್ದು ಅದರಲ್ಲಿ ಗೂಗಲ್ ಆ್ಯಪುಗಳನ್ನು ಸೇರಿಸಿದ್ದರಿಂದಲೇ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ನಮ್ಮ ಸಲಹೆಯನ್ನು ಮೂರು ಮೆಟ್ಟಿಲುಗಳಾಗಿ ಹೇಳುವೆವು.

ಮೊದಲನೆಯ ಮೆಟ್ಟಿಲು ಎಲ್ಲರಿಗೂ ಇಂದೇ ಸಾಧ್ಯವಾದದ್ದು. ಇದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳ ಪಟ್ಟಿಯನ್ನು ತೆಗೆಯಿರಿ. ದೀಪದ ಬೆಳಕನ್ನು ಕೊಡುವ ಆ್ಯಪಿಗೆ ನಿಮ್ಮ ಬಂಧುಗಳ ಹೆಸರೇಕೆ? ಪಂಚಾಂಗದ ಆ್ಯಪಿಗೆ ನಿಮ್ಮ ಧ್ವನಿಯೇಕೆ? ಕಾರಣ ಕಾಣದ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಸ್ಥಳದ ಅನುಮತಿಯನ್ನು ಬಳಸುವಾಗ ಮಾತ್ರ ಎಂದು ಇಡಿರಿ. ತಿಂಗಳುಗಟ್ಟಲೆ ಮುಟ್ಟದ ಆ್ಯಪುಗಳನ್ನು ತೆಗೆದುಹಾಕಿರಿ. ತೆಗೆಯಲು ಬಾರದವುಗಳನ್ನು ನಿಷ್ಕ್ರಿಯ ಮಾಡಿರಿ. ಜಾಹೀರಾತಿನವರು ನಮ್ಮನ್ನು ಗುರುತಿಸುವ ಸಂಖ್ಯೆಯೊಂದು ಆಂಡ್ರಾಯ್ಡಿನಲ್ಲಿರುವದು. ಈಚಿನ ಫೋನುಗಳಲ್ಲಿ ಅದನ್ನು ಅಳಿಸಿಬಿಡಬಹುದು. ೨೦೧೦ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಭಂಡಾರದಲ್ಲಿ ಬಹಿರಂಗ ತಂತ್ರಾಂಶದ ಆ್ಯಪುಗಳು ಮಾತ್ರ ಇರುತ್ತವೆ. ಟಿಪ್ಪಣಿ, ಪುಸ್ತಕದ ಓದು, ಲೆಕ್ಕ ಮೊದಲಾದ ಕೆಲಸಗಳಿಗೆ ಅಲ್ಲಿಂದಲೇ ತಂದುಕೊಳ್ಳಬಹುದು. ಸಂದೇಶದಲ್ಲಿ ಬಂದ ಕೊಂಡಿಯಿಂದ ಆ್ಯಪನ್ನು ಎಂದಿಗೂ ಇಳಿಸಿಕೊಳ್ಳಬಾರದು. ಹಣವು ಮೋಸ ಹೋದರೆ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ಎರಡನೆಯ ಮೆಟ್ಟಿಲು ಗೂಡಿನಲ್ಲಿ ಬಿದ್ದಿರುವ ಹಳೆಯ ಫೋನಿನದು. ಅನೇಕ ಮನೆಗಳಲ್ಲಿ ಇಂಥದೊಂದು ಇರುವದು. ಕೆಟ್ಟಿರುವದಿಲ್ಲ, ಆದರೆ ಕಂಪನಿಯು ಭದ್ರತೆಯ ತಿದ್ದುಪಡಿಗಳನ್ನು ಕಳುಹಿಸುವದನ್ನು ನಿಲ್ಲಿಸಿರುವದು. ಅಂಥದಕ್ಕೆ ಲಿನೇಜ್ ಓಎಸ್ ಅಥವಾ ಇ ಓಎಸ್ ದೊರೆಯುವದೋ ಎಂದು ಆಯಾ ವ್ಯವಸ್ಥೆಯ ಅಧಿಕೃತ ಪಟ್ಟಿಯಲ್ಲಿ ಫೋನಿನ ಮಾದರಿಯ ಹೆಸರನ್ನು ಹುಡುಕಿ ನೋಡಿರಿ. ಇದ್ದರೆ, ಇಂಜಿನಿಯರಿಂಗ್ ಓದುವ ಮಗನೋ ಮಗಳೋ ನೆರೆಯ ಹುಡುಗನೋ ಒಂದು ರಜೆಯ ದಿನದಲ್ಲಿ ಕಂಪ್ಯೂಟರನ್ನು ಜೋಡಿಸಿ ಇದನ್ನು ಮಾಡಬಲ್ಲರು. ಅದಕ್ಕೆ ಮೊದಲು ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೆ ಕಡೆಯಲ್ಲಿ ನಕಲು ಮಾಡಿಟ್ಟುಕೊಳ್ಳುವದನ್ನು ಮರೆಯಬಾರದು. ಕೆಟ್ಟರೆ ಹಳೆಯ ಫೋನು ಕೆಟ್ಟೀತು; ಕೈಗೂಡಿದರೆ ಮಕ್ಕಳ ಓದಿಗೆ, ಹಿರಿಯರ ಭಜನೆ ಪ್ರವಚನಗಳಿಗೆ ಒಂದು ಶುದ್ಧವಾದ ಯಂತ್ರವು ಕಾಸಿಲ್ಲದೆ ದೊರೆತಂತಾಗುವದು. ಬ್ಯಾಂಕಿನ ವ್ಯವಹಾರವನ್ನು ಹೊಸ ಫೋನಿನಲ್ಲಿಯೇ ಇಟ್ಟು, ಈ ಫೋನಿನಲ್ಲಿ ಅಭ್ಯಾಸ ಮಾಡಿಕೊಳ್ಳುವದು ಜಾಣತನವು. ಸ್ಮಾರ್ಟ್‌ಫೋನೇ ಇಲ್ಲದೆಯೂ ಹಣವನ್ನು ಕಳುಹಿಸುವ ಸಲುವಾಗಿ ರಿಜರ್ವ್ ಬ್ಯಾಂಕು ೨೦೨೨ರ ಮಾರ್ಚದಲ್ಲಿ ಯುಪಿಐ ೧೨೩ಪೇ ಎಂಬ ಏರ್ಪಾಡನ್ನು ಆರಂಭಿಸಿರುವದನ್ನೂ ಇಲ್ಲಿ ಹೇಳಬಹುದು. ಗುಂಡಿಗಳುಳ್ಳ ಸಾದಾ ಫೋನಿಗೂ ಇದು ಸಾಕು.

ಮೂರನೆಯ ಮೆಟ್ಟಿಲು ಹೊಸ ಫೋನನ್ನು ಕೊಳ್ಳುವಾಗಿನದು. ಕ್ಯಾಮರಾದ ಕಣ್ಣುಗಳೆಷ್ಟು, ಬಣ್ಣ ಯಾವದು ಎಂದು ಕೇಳುವದರ ಜತೆಗೆ ಎರಡು ಪ್ರಶ್ನೆಗಳನ್ನೂ ಕೇಳಿರಿ: ಎಷ್ಟು ವರ್ಷ ಭದ್ರತೆಯ ತಿದ್ದುಪಡಿಗಳು ಬರುವವು? ಇದರ ಬೂಟ್‌ಲೋಡರ್ ಬೀಗವನ್ನು ತೆಗೆಯಲು ಕಂಪನಿಯು ಒಪ್ಪುವದೋ? ಅಂಗಡಿಯವನಿಗೆ ಉತ್ತರವು ತಿಳಿಯದಿದ್ದರೂ ಕೇಳಬೇಕು. ಹತ್ತು ಗಿರಾಕಿಗಳು ಕೇಳಿದ ಪ್ರಶ್ನೆಯನ್ನು ಅವನು ತನ್ನ ಸಗಟು ವ್ಯಾಪಾರಿಗೆ ಕೇಳುವನು. ಸಂತೆಯಲ್ಲಿ ಸರಕು ಬರುವದು ಕೊಳ್ಳುವವರ ಮಾತಿನಿಂದಲೇ.

ಕನ್ನಡದ ಗತಿಯೇನೆಂದು ಕೆಲವರು ಶಂಕಿಸಬಹುದು. ಭಯವಿಲ್ಲ. ೨೦೧೨ರ ಆಂಡ್ರಾಯ್ಡ್ ಆವೃತ್ತಿಯಲ್ಲಿ ಕನ್ನಡ ಲಿಪಿಯ ಆಸರೆಯು ಸೇರಿದ್ದು, ಅದು ಬಹಿರಂಗ ತಳಹದಿಯಲ್ಲಿಯೇ ಇರುವದರಿಂದ ಈ ವ್ಯವಸ್ಥೆಗಳಲ್ಲಿಯೂ ಕನ್ನಡವು ಚೆನ್ನಾಗಿ ಮೂಡುವದು. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗವು ಮಾಡಿದ ಇಂಡಿಕ್ ಕೀಬೋರ್ಡಿನಲ್ಲಿ ಕನ್ನಡಕ್ಕೂ ಸ್ಥಾನವಿರುವದು. ನಾವು ಟೈಪು ಮಾಡಿದ ಅಕ್ಷರಗಳು ಗೂಗಲ್ಲಿನ ಕೀಲಿಮಣೆಯನ್ನು ಹಾಯದೆ ಫೋನಿನಲ್ಲಿ ಮೂಡುವವು. ಕನ್ನಡಿಗರಿಗೆ ಈ ಹಂಚಿಕೊಳ್ಳುವ ಧರ್ಮವು ಹೊಸದಲ್ಲ. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿ ಮೊದಲಾದ ಕನ್ನಡ ತಂತ್ರಾಂಶಗಳಿಗೆ ಆಧಾರವಾಗಿ, ಇಂದು ನಾಡಿನ ಅನೇಕ ಕಚೇರಿ ಮುದ್ರಣಾಲಯಗಳಲ್ಲಿ ಬೆರಳುಗಳಿಗೆ ದಾರಿಯಾಗಿದೆ. ಊರಿನ ಬಾವಿಯಂತೆ, ಒಬ್ಬರು ತೋಡಿದ್ದು ಎಲ್ಲರ ನೀರಡಿಕೆಗಾಯಿತು.

ಕಡೆಯಲ್ಲಿ ಮನೆಯೊಳಗಿನ ಒಂದು ಮಾತು. ಈ ಲೇಖನವನ್ನು ಓದಿದ ಯಜಮಾನರು ತಮ್ಮ ಫೋನಿನ ಒಡೆತನವನ್ನು ವಿಚಾರಿಸುವ ಉತ್ಸಾಹದಲ್ಲಿ, ಮಡದಿಯ ಫೋನನ್ನೂ ಬೆಳೆದ ಮಗಳ ಫೋನನ್ನೂ ಕಸಿದುಕೊಂಡು ತನಿಖೆ ಮಾಡಲು ಹೊರಟರೆ ಲೇಖನದ ಉದ್ದೇಶವು ಕೆಟ್ಟಂತೆಯೇ. ದೂರದ ಜಹಗೀರದಾರನನ್ನು ಕಳೆದು ಮನೆಯಲ್ಲಿಯೇ ಮತ್ತೊಬ್ಬನನ್ನು ಕೂಡಿಸಿದರೆ ಆದ ಲಾಭವೇನು? ಮೇಲೆ ಹೇಳಿದ ಮೊದಲನೆಯ ಮೆಟ್ಟಿಲನ್ನು ಮನೆಯವರೆಲ್ಲರೂ ಒಂದು ಸಂಜೆ ಜಗುಲಿಯಲ್ಲಿ ಕೂಡಿ ಕುಳಿತು, ತಮ್ಮ ತಮ್ಮ ಫೋನನ್ನು ತಮ್ಮ ತಮ್ಮ ಕೈಯಲ್ಲಿಯೇ ಹಿಡಿದುಕೊಂಡು ಹತ್ತಬೇಕು. ತಿಳಿದ ಮಕ್ಕಳು ಹಿರಿಯರಿಗೆ ದಾರಿಯನ್ನು ತೋರಿಸಲಿ, “ಅಜ್ಜೀ, ಇದು ನಿಮ್ಮ ಮಾತನ್ನು ಕೇಳಬೇಕೆನ್ನುತ್ತದೆ, ಬೇಡವೆನ್ನೋಣವೇ?”, ಎಂದು ಮೊಮ್ಮಗನು ಕೇಳಿದರೆ, ಬೇಕು ಬೇಡಗಳನ್ನು ಅಜ್ಜಿಯೇ ಹೇಳಲಿ. ತಿಳಿಯದೆ ಒಪ್ಪುವದಕ್ಕಿಂತ ತಿಳಿದು ನಿರಾಕರಿಸುವ ಅಭ್ಯಾಸವು ಮನೆಯಲ್ಲಿ ಬೆಳೆದರೆ, ವ್ಯವಸ್ಥೆಯು ಯಾವದೇ ಇರಲಿ, ಅರ್ಧ ಕೆಲಸವಾದಂತೆಯೇ ಸರಿ. ಉಳಿದರ್ಧಕ್ಕೆ ಬಹಿರಂಗ ವ್ಯವಸ್ಥೆಗಳು ಸಿದ್ಧವಾಗಿರುವವು. ಅನುಕೂಲವುಳ್ಳವರು ಗೂಡಿನ ಹಳೆಯ ಫೋನಿನಿಂದಲೇ ಆರಂಭಿಸಿ ನೋಡಬಹುದೆಂದು ವಿಜ್ಞಾಪಿಸಿ ಈ ತಿಂಗಳಿನ ಮಾತನ್ನು ಮುಗಿಸುವೆವು.